ಮಿಯಾಪುರದಲ್ಲಿ ಇಳಿದವರು, ಮೆಜೆಸ್ಟಿಕ್‌ನಲ್ಲಿ ಇಳಿದವರು

ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ನಮ್ಮ ಹಳ್ಳಿಖೇಡ (ಬಿ) ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತವರನ್ನು ನೋಡಿದರೆ ಯಾವ ಊರಿಗೆ ಹೊರಟಿದ್ದಾರೆಂದು ಕೇಳಬೇಕಾಗಿಲ್ಲ. ಎಕ್ಸ್‌ರೇ ಕವರು, ದವಾಖಾನೆಯ ಹಳೇ ಚೀಟಿ ತುಂಬಿದ ಪ್ಲಾಸ್ಟಿಕ್ ಚೀಲ, ಬುತ್ತಿಗಂಟು, ಪಕ್ಕದಲ್ಲಿ ಕೈ ಹಿಡಿದ ಮಗ ಅಥವಾ ಅಳಿಯ ಇದ್ದರೆ ಅವರು ಹೈದರಾಬಾದಿಗೆ ಹೊರಟವರು. ಬೆನ್ನಿಗೆ ಬ್ಯಾಗು, ಕೈಯಲ್ಲಿ ಅಂಕಪಟ್ಟಿಯ ಫೈಲು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಬೆಂಗಳೂರಿಗೆ. ರೋಗಕ್ಕೆ ಒಂದು ಊರು, ನೌಕರಿಗೆ ಒಂದು ಊರು. ನಾನು ಬೆಳೆದದ್ದೇ ಈ ಎರಡು ದಿಕ್ಕಿನ ಬೋರ್ಡು ಓದುತ್ತ.

ನಮ್ಮಿಂದ ಹೈದರಾಬಾದಿಗೆ ಸುಮಾರು 150 ಕಿ.ಮೀ. ಬೆಂಗಳೂರಿಗೆ ಹೆಚ್ಚುಕಡಿಮೆ 650. ಒಂದಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಇನ್ನೊಂದಕ್ಕೆ ಒಂದು ಇಡೀ ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕಳೆಯಬೇಕು. ಈ ಎರಡು ನಗರಗಳನ್ನು ಹೋಲಿಸುವವರು ಸಾಮಾನ್ಯವಾಗಿ ಐಟಿ ಕಂಪನಿ, ಫ್ಲೈಓವರ್, ಮನೆ ಬಾಡಿಗೆಯ ಲೆಕ್ಕ ಹಿಡಿದು ಕೂರುತ್ತಾರೆ. ನನ್ನ ಅಳತೆ ಬೇರೆ. ನಮ್ಮೂರಿನ ಒಬ್ಬ ಮನುಷ್ಯ, ಅದರಲ್ಲೂ ಒಬ್ಬ ವಯಸ್ಸಾದ ತಾಯಿ, ಬಸ್ಸಿನಿಂದ ಕೆಳಗೆ ಕಾಲಿಟ್ಟ ಮೇಲೆ ಆ ನಗರ ಆಕೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎನ್ನುವುದೇ ನನಗೆ ಮುಖ್ಯ.

ಎರಡು ರಾಜಧಾನಿ ಕಂಡ ಊರು

ಹಳ್ಳಿಖೇಡದ ಹೆಸರಿನ ಮುಂದಿರುವ ಆ ಆವರಣದೊಳಗಿನ ‘ಬಿ’ ಏನೆಂದು ಹೊರಗಿನವರು ಕೇಳುತ್ತಲೇ ಇರುತ್ತಾರೆ. ಬುಜುರ್ಗ್ ಎಂಬ ಪಾರಸಿ ಮಾತಿನ ಮೊದಲಕ್ಷರ ಅದು, ಹಿರಿಯದು ಎಂದರ್ಥ. ಕಿರಿಯ ಊರಿಗೆ ಖುರ್ದ್, ಅಂದರೆ ‘ಕೆ’. ಕಂದಾಯದ ದಫ್ತರದಲ್ಲಿ ಕೂತ ಆ ಒಂದು ಅಕ್ಷರವೇ ನಾವು ಯಾವ ರಾಜ್ಯದ ಮಕ್ಕಳಾಗಿದ್ದೆವು ಎಂಬುದನ್ನು ಹೇಳುತ್ತದೆ. 1956ರ ಅಕ್ಟೋಬರ್ 31ರವರೆಗೆ ನಮ್ಮ ರಾಜಧಾನಿ ಹೈದರಾಬಾದ್. ಮರುದಿನ ಬೆಳಗಾದಾಗ ಬೆಂಗಳೂರು.

ಇನ್ನೂ ಹಿಂದಕ್ಕೆ ಹೋದರೆ ಲೆಕ್ಕವೇ ತಿರುಗಿ ನಿಲ್ಲುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿ ನಮ್ಮ ಪಕ್ಕದ ಕಲ್ಯಾಣ, ಇಂದಿನ ಬಸವಕಲ್ಯಾಣ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳ ರಾಜಧಾನಿ ಬೀದರ್. ಆ ಬಹಮನಿ ಆಸ್ಥಾನದ ಸೇವೆಯಲ್ಲಿ ಬೆಳೆದ ಸುಲ್ತಾನ್ ಕುಲಿ ಗೋಲ್ಕೊಂಡದಲ್ಲಿ ಕುತುಬ್ ಶಾಹಿ ಮನೆತನ ಕಟ್ಟಿದ. ಅವನ ಮೊಮ್ಮಗ ಮಹಮ್ಮದ್ ಕುಲಿ 1591ರಲ್ಲಿ ಚಾರ್‌ಮಿನಾರ್ ಎಬ್ಬಿಸಿ ಹೈದರಾಬಾದನ್ನು ನೆಲೆಗೊಳಿಸಿದ. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಬೆಂಗಳೂರಿನ ಪೇಟೆಗಳನ್ನು ಗುರುತಿಸಿದ್ದು ಅದಕ್ಕೂ ಐವತ್ತು ವರ್ಷ ಮೊದಲು. ಬೀದರಿನ ಆಸ್ಥಾನದಿಂದ ಹೋದವರ ಮನೆತನ ಕಟ್ಟಿದ ಊರಾದ್ದರಿಂದ ಹೈದರಾಬಾದ್ ನಮಗೆ ಪರಊರೆನಿಸುವುದಿಲ್ಲ. ಮಗಳನ್ನು ಕೊಟ್ಟ ಊರಿನ ಹಾಗೆ, ಅಲ್ಲಿ ನಮ್ಮದೂ ಒಂದಿಷ್ಟು ರಕ್ತವಿದೆ.

ಬಸ್ಸಿನ ಕಥೆಯೂ ಅಲ್ಲಿಂದಲೇ ಶುರು. ನಿಜಾಮ್ ಸರ್ಕಾರದ ರೈಲ್ವೆ ಇಲಾಖೆ 1932ರ ಜೂನ್‌ನಲ್ಲಿ 27 ಬಸ್ಸು, 166 ಮಂದಿ ನೌಕರರೊಂದಿಗೆ ರಸ್ತೆ ಸಾರಿಗೆ ವಿಭಾಗ ತೆರೆಯಿತು. ದೇಶದಲ್ಲಿ ಸರ್ಕಾರವೇ ಬಸ್ ಓಡಿಸಿದ ಮೊದಲ ಪ್ರಯತ್ನಗಳಲ್ಲಿ ಅದೊಂದು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಬಂದದ್ದು 1948ರಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಭಾಗದ ಬಸ್ಸುಗಳು ಈ ಕಡೆ ಬಂದವು, 1961ರಲ್ಲಿ ಆ ಇಲಾಖೆ ನಿಗಮವಾಯಿತು, 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ಬೇರೆಯಾಯಿತು, 2021ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಹಲಗೆಯ ಮೇಲಿನ ಹೆಸರು ಎಷ್ಟು ಸಲ ಬದಲಾದರೂ ಹೈದರಾಬಾದ್ ಬಸ್ಸಿಗೆ ಮಂದಿ ಕಡಿಮೆಯಾಗಲಿಲ್ಲ.

ಇಳಿದ ಮೇಲೆ

ಹುಮನಾಬಾದ್ ದಾಟಿ ಪುಣೆ–ಹೈದರಾಬಾದ್ ಹೆದ್ದಾರಿ ಹಿಡಿದರೆ ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು. ಪಟಾನ್‌ಚೆರುವಿನಲ್ಲಿ ರಸ್ತೆ ಬದಿಗೆ ಉದ್ದಕ್ಕೂ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಕಾಂಪೌಂಡು. ನಮ್ಮ ಕಡೆಯ ರೈತರಿಗೆ ಪರಿಚಯವಿರುವ ‘ಮಾರುತಿ’ ತೊಗರಿ ಹುಟ್ಟಿದ್ದು ಅಲ್ಲಿಯ ಹೊಲದಲ್ಲಿ. ಸೊರಗು ರೋಗ ತಡೆಯುವ ಆ ತಳಿ 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ಅದನ್ನು ದಾಟಿ ಇನ್ನಷ್ಟು ದೂರ ಹೋದರೆ ಮಿಯಾಪುರ. ಅಲ್ಲೇ ಹೈದರಾಬಾದ್ ಮೆಟ್ರೊದ ಕೆಂಪು ಮಾರ್ಗದ ಮೊದಲ ನಿಲ್ದಾಣ.

ಈ ಮಾರ್ಗವನ್ನು ನಮ್ಮ ಜಿಲ್ಲೆಯವರಿಗಾಗಿ ಯಾರೂ ಎಳೆದದ್ದಲ್ಲ. ಆದರೂ ನಕ್ಷೆ ನೋಡಿದರೆ ಹಾಗೆ ಅನ್ನಿಸುತ್ತದೆ. ಮಿಯಾಪುರದಲ್ಲಿ ಬಸ್ ಇಳಿದು ಮೇಲೆ ಹತ್ತಿದರೆ ಕುಕಟ್‌ಪಲ್ಲಿ, ಅಮೀರ್‌ಪೇಟ್, ಆಮೇಲೆ ಪಂಜಗುಟ್ಟ. ಪಂಜಗುಟ್ಟದಲ್ಲಿ ನಿಮ್ಸ್ ಆಸ್ಪತ್ರೆ. ಮುಂದೆ ನಾಂಪಲ್ಲಿಯಲ್ಲಿ ರೈಲು ನಿಲ್ದಾಣ. ಅದಾದ ಮೇಲೆ ಉಸ್ಮಾನಿಯಾ ಮೆಡಿಕಲ್ ಕಾಲೇಜು. ಮರು ನಿಲ್ದಾಣ ಎಂಜಿಬಿಎಸ್, ಅಂದರೆ ಮೂಸಿ ನದಿಯ ನಡುಗಡ್ಡೆಯ ಮೇಲಿರುವ, ಹಳಬರ ಬಾಯಲ್ಲಿ ಇಮ್ಲಿಬನ್ ಎಂದೇ ಉಳಿದ ದೊಡ್ಡ ಬಸ್ ನಿಲ್ದಾಣ. ನಮ್ಮವರು ಹೈದರಾಬಾದಿಗೆ ಏನೇನಕ್ಕೆ ಹೋಗುತ್ತಾರೋ ಅದರಲ್ಲಿ ಮುಕ್ಕಾಲು ಪಾಲು ಈ ಒಂದೇ ಕಂಬಿಯ ಮೇಲೆ ಪೋಣಿಸಿದಂತಿದೆ. ಮೊದಲಾದರೆ ಪಟಾನ್‌ಚೆರುವಿನಿಂದ ಕೋಠಿಗೆ ಹೋಗುವ 218ರಲ್ಲಿ ನಿಂತು, ಎರ್ರಗಡ್ಡದ ಸಂದಣಿಯಲ್ಲಿ ಬೆವರಿಳಿಸಿ ಹೋಗಬೇಕಿತ್ತು. 2017ರ ನವೆಂಬರ್ 28ರಂದು ಮೆಟ್ರೊ ಉದ್ಘಾಟನೆಯಾಗಿ, ಮರುವರ್ಷ ಈ ಮಾರ್ಗ ಪೂರ್ತಿಯಾದ ಮೇಲೆ, ರೋಗಿಯನ್ನು ಕರೆದೊಯ್ಯುವವರ ಪಾಲಿಗೆ ಆ ಊರು ನಿಜಕ್ಕೂ ಹತ್ತಿರವಾಯಿತು.

ಕೊರತೆ ಇಲ್ಲದಿಲ್ಲ. ಇಡೀ ಮೆಟ್ರೊ ಕಂಬಗಳ ಮೇಲೆಯೇ ಇದೆ. ಲಿಫ್ಟ್ ಕೆಟ್ಟರೆ ಮಂಡಿನೋವಿನವರ ಪಾಡು ಕಷ್ಟ. 2020ರ ಫೆಬ್ರವರಿಗೆ 69 ಕಿ.ಮೀ. ಮುಗಿದ ಮೇಲೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಹಳೇ ನಗರ, ಚಾರ್‌ಮಿನಾರ್ ಇನ್ನೂ ಮೆಟ್ರೊ ಕಂಡಿಲ್ಲ. ಅಫ್ಜಲ್‌ಗಂಜ್, ಬೇಗಂ ಬಜಾರಿಗೆ ಸಾಮಾನು ತರಲು ಹೋಗುವ ನಮ್ಮ ಕಿರಾಣಿ ವ್ಯಾಪಾರಿಗಳಿಗೆ ಮೂಟೆ ಹೊತ್ತು ಮೆಟ್ರೊ ಹತ್ತುವ ಮಾತಂತೂ ಇಲ್ಲ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿ ಒಂದು ಹಳೇ ಘಟನೆ ಹೇಳಲೇಬೇಕು. ಉತ್ತರ ಕರ್ನಾಟಕದಿಂದ ಬರುವ ಬಸ್ಸುಗಳು ಮೆಜೆಸ್ಟಿಕ್‌ಗೆ ನುಗ್ಗಿ ಸಂಚಾರ ಕಟ್ಟಿಕೊಳ್ಳುತ್ತದೆಂದು ಪೀಣ್ಯದಲ್ಲಿ ದೊಡ್ಡದೊಂದು ನಿಲ್ದಾಣ ಕಟ್ಟಿದರು. 2014ರಲ್ಲಿ ತೆರೆದರು. ಅದಕ್ಕಿಟ್ಟ ಹೆಸರು ಬಸವೇಶ್ವರ ಬಸ್ ನಿಲ್ದಾಣ. ನಮ್ಮ ಕಲ್ಯಾಣದ ಬಸವಣ್ಣನ ಹೆಸರು. ಬೆಳಗಿನ ಜಾವ ಅಲ್ಲಿ ಇಳಿದವರಿಗೆ ಆ ಹೆಸರು ನೋಡಿ ಕಣ್ಣು ತಂಪಾಯಿತೇನೋ, ಕಾಲಿಗೆ ದಾರಿ ಸಿಗಲಿಲ್ಲ. ಆಗ ಹಸಿರು ಮಾರ್ಗದ ರೈಲು ಪೀಣ್ಯದಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯವರೆಗೆ ಮಾತ್ರ. ಮೆಜೆಸ್ಟಿಕ್‌ಗೆ ಅದು ಕೂಡಿದ್ದು 2017ರ ಜೂನ್‌ನಲ್ಲಿ. ಊರಿನ ಹೊರಗೆ ಇಳಿಸಿ, ಒಳಗೆ ಹೋಗಲು ಪುನಃ ಸಿಟಿ ಬಸ್ಸೋ ಆಟೊನೋ ಹಿಡಿ ಎಂದರೆ ಯಾರು ಒಪ್ಪುತ್ತಾರೆ? ಪ್ರಯಾಣಿಕರು ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು. ದೂರದಿಂದ ಬಂದವನನ್ನು ಎಲ್ಲಿ ಇಳಿಸಬೇಕೆಂದು ಯೋಚಿಸಿದ್ದವರು, ಇಳಿದವನು ಮುಂದೆ ಎಲ್ಲಿಗೆ ಹೋಗಬೇಕಿದೆ ಎಂದು ಕೇಳಿರಲಿಲ್ಲ.

ಮೆಜೆಸ್ಟಿಕ್ ಮಾತ್ರ ನಿಜಕ್ಕೂ ದೊಡ್ಡ ಮನಸ್ಸಿನ ಜಾಗ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ನೆಲದ ಮೇಲೆ ಈಗ ಮನುಷ್ಯರ ಕೆರೆ. ದೂರದ ಬಸ್ಸು, ಸಿಟಿ ಬಸ್ಸು, ರೈಲು, ಕೆಳಗೆ ಮೆಟ್ರೊದ ಎರಡು ಮಾರ್ಗ. ಒಂದು ಕೂಗಿನ ಅಳತೆಯಲ್ಲಿ ಎಲ್ಲ ಸಿಗುವ ಇಂಥ ಸ್ಥಳ ಹೈದರಾಬಾದಿನಲ್ಲಿಲ್ಲ. ಅಲ್ಲಿ ರೈಲು ನಾಂಪಲ್ಲಿ, ಕಾಚಿಗುಡ, ಸಿಕಂದರಾಬಾದ್ ಎಂದು ಹರಿದು ಹಂಚಿಹೋಗಿದೆ. ಇನ್ನು ಸಿಟಿ ಬಸ್ಸಿನ ವಿಷಯದಲ್ಲಿ ಬೆಂಗಳೂರಿಗೆ ಸಾಟಿಯಿಲ್ಲ. ನಗರಕ್ಕೆಂದೇ ಬೇರೆ ನಿಗಮವಿದೆ. ಬಿಎಂಟಿಸಿ 1997ರಲ್ಲೇ ಪ್ರತ್ಯೇಕವಾಯಿತು. ಹೈದರಾಬಾದಿನ ಸಿಟಿ ಬಸ್ಸು ಇವತ್ತಿಗೂ ರಾಜ್ಯದ ಆರ್‌ಟಿಸಿಯ ಒಂದು ಭಾಗ. ಕಾಡುಗೋಡಿಗೆ ಹೋಗುವ 335ಇ ಹತ್ತಿ ಬೆಂಗಳೂರಿನಲ್ಲಿ ಮೊದಲ ನೌಕರಿಯ ಇಂಟರ್‌ವ್ಯೂಗೆ ಹೋದ ಹುಡುಗರು ನಮ್ಮ ಓಣಿಯಲ್ಲೇ ಇದ್ದಾರೆ.

ಮೆಟ್ರೊದಲ್ಲಿ ಬೆಂಗಳೂರು ಮೊದಲು ಹೊರಟು, ನಡುವೆ ಹಿಂದೆ ಬಿದ್ದು, ಈಗ ಮುಂದಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೊದಲ ಗಾಡಿ ಓಡಿತು. ವೈಟ್‌ಫೀಲ್ಡ್–ಚಲ್ಲಘಟ್ಟ ನಡುವಿನ ನೇರಳೆ ಮಾರ್ಗ ಪೂರ್ತಿ ತೆರೆದದ್ದು 2023ರ ಅಕ್ಟೋಬರ್ 9ರಂದು. ಅಲ್ಲಿಗೆ ಹೈದರಾಬಾದಿನ ಉದ್ದ ಹಿಂದಾಯಿತು. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದ ಹಳದಿ ಮಾರ್ಗ ಬಂದು ಒಟ್ಟು 96 ಕಿ.ಮೀ. ದಾಟಿತು. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ ದರ 60ರಿಂದ 90 ರೂಪಾಯಿಗೆ ಏರಿತು. ಹೈದರಾಬಾದಿನಲ್ಲಿ ಮೇ ತಿಂಗಳಲ್ಲಿ 60 ಇದ್ದದ್ದು 75ಕ್ಕೇರಿ, ಜನ ಬೈದ ಮೇಲೆ ರಿಯಾಯಿತಿಯಲ್ಲಿ 69ಕ್ಕೆ ಇಳಿಯಿತು. ಹದಿನೈದು, ಹದಿನಾರು ಸಾವಿರ ಸಂಬಳಕ್ಕೆ ಸೇರಿದ ನಮ್ಮ ಹುಡುಗನಿಗೆ ದಿನಕ್ಕೆ ಎರಡು ಸಲ ಆ ದರ ಕೊಡುವುದು ಆಗದ ಮಾತು. ಅವನು ಬಸ್ಸನ್ನೇ ಕಾಯುತ್ತಾನೆ. ಸಾರ್ವಜನಿಕ ಸಾರಿಗೆಗೆ ಜೀವ ತುಂಬುವುದು ಮೆಟ್ರೊ ಅಲ್ಲ, ಬಸ್ಸು ಎಂದು ನಾನು ನಂಬುವುದು ಇಂಥವರನ್ನು ನೋಡಿ.

ಬಿಸಿಲು, ಮಳೆ, ನಳದ ನೀರು

ಬೆಂಗಳೂರಿಗೆ ಹೊರಟವರಿಗೆ ಮನೆಯವರು ಸ್ವೆಟರ್ ತುಂಬಿ ಕಳಿಸುತ್ತಾರೆ. ಅಲ್ಲಿ ಬಹಳ ಚಳಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನಿಜ ಹೇಳಬೇಕೆಂದರೆ ಪುಷ್ಯ ಮಾಸದ ಬೆಳಗಿನ ಚಳಿಗೆ ಬೀದರ್ ಬೆಂಗಳೂರಿಗಿಂತ ಒಂದು ಕೈ ಮೇಲು. ಹೈದರಾಬಾದಿನ ಜನವರಿ ರಾತ್ರಿಯೂ ಬೆಂಗಳೂರಿನಷ್ಟೇ ತಣ್ಣಗಿರುತ್ತದೆ. ಬೆಂಗಳೂರು ಚಳಿಯ ಊರಲ್ಲ, ಬಿಸಿಲು ಕಡಿಮೆಯಿರುವ ಊರು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ಅಲ್ಲಿ ಸಂಜೆಯಾದರೆ ಗಾಳಿ ಬೀಸುತ್ತದೆ. ಹೈದರಾಬಾದ್ 540 ಮೀಟರ್ ಆಸುಪಾಸು. ಬಂಡೆಗಳ ನಡುವಿನ ಊರು. ಮಧ್ಯಾಹ್ನ ಕುಡಿದ ಬಿಸಿಲನ್ನು ರಾತ್ರಿ ಹತ್ತಾದರೂ ಕಲ್ಲು ಉಗುಳುತ್ತಿರುತ್ತದೆ. ಅಲ್ಲಿಯ ದಾಖಲೆ 45.5 ಡಿಗ್ರಿ, 1966ರ ಜೂನ್ 2ರದು. ಬೆಂಗಳೂರಿನ ದಾಖಲೆ 39.2 ಡಿಗ್ರಿ, 2016ರ ಏಪ್ರಿಲ್ 24ರದು. ಒಂದು ದಾಖಲೆ ಅಜ್ಜನ ಕಾಲದ್ದು, ಇನ್ನೊಂದು ನಿನ್ನೆ ಮೊನ್ನೆಯದು ಎಂಬುದನ್ನು ಗಮನಿಸಬೇಕು. ಫ್ಯಾನಿಲ್ಲದೆ ಬದುಕಿದ್ದ ಬೆಂಗಳೂರಿನ ಮನೆಗಳಲ್ಲಿ ಈಗ ಎ.ಸಿ. ಕೂರುತ್ತಿದೆ. ನಾವು ಬಿಸಿಲು ನಾಡಿನವರು, ಕೂಲರಿಗೆ ನೀರು ಹೊಯ್ದು, ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಬೇಸಿಗೆ ಕಳೆಯುವುದು ಗೊತ್ತಿದ್ದವರು. ಬೆಂಗಳೂರಿನ ಮನೆಗಳಿಗೆ ಆ ಅಭ್ಯಾಸವೇ ಇಲ್ಲ. ಅದಕ್ಕೇ 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತಾಗ ಅಲ್ಲಿಯವರು ಅಷ್ಟು ಕಂಗೆಟ್ಟರು.

ಮಳೆಯ ವಿಷಯದಲ್ಲಿ ಹೈದರಾಬಾದ್ ಮತ್ತು ನಾವು ಒಂದೇ ಪಂಚಾಂಗದವರು. ಮಿರಗ ಕೂಡಿದರೆ ಎರಡೂ ಕಡೆ ಮೋಡ. ಶ್ರಾವಣ, ಭಾದ್ರಪದದಲ್ಲಿ ಎರಡೂ ಕಡೆ ಜಡಿ. ಬೆಂಗಳೂರಿನಿಂದ ಮಗ ಮೇ ತಿಂಗಳ ಸಂಜೆ ಫೋನು ಮಾಡಿ ‘ಇಲ್ಲಿ ಜೋರು ಮಳಿ ಹೊಂಟಾದ’ ಎಂದರೆ, ಇಲ್ಲಿ ಹೊಲ ಹದಮಾಡುತ್ತಿರುವ ಅಪ್ಪನಿಗೆ ಅದು ಬೇರೆ ದೇಶದ ಸುದ್ದಿಯಂತೆ ಕೇಳುತ್ತದೆ. ಮಳೆ ಜಾಸ್ತಿಯಾದರೆ ಮಾತ್ರ ಎರಡೂ ನಗರಗಳ ಗೋಳು ಒಂದೇ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಂಪನಿಗಳವರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಕೆರೆ ತುಂಬಿ ಹರಿಯುವ ದಾರಿಯಲ್ಲಿ ಮನೆ ಕಟ್ಟಿದರೆ ನೀರು ತನ್ನ ದಾರಿಗೆ ಮರಳಿ ಬರುತ್ತದೆ.

ನೀರಿನ ವಿಷಯದಲ್ಲಿ ಹೈದರಾಬಾದನ್ನು ನಮ್ಮ ರಾಜ್ಯಕ್ಕೆ ಕೂಡಿಸುವ ಹೆಸರೊಂದಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಆಗ ನಿಜಾಮ್ ಸರ್ಕಾರ ಕರೆಸಿಕೊಂಡ ಎಂಜಿನಿಯರ್ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ನೆರೆ ತಡೆಯಲು ಮೇಲೆ ಜಲಾಶಯ ಕಟ್ಟಬೇಕೆಂಬ ಅವರ ಸಲಹೆಯಿಂದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಆದವು. ಊರು ಬೆಳೆದಂತೆ ಅವೂ ಸಾಲದಾದಾಗ 1960ರ ದಶಕದಲ್ಲಿ ಮಾಂಜ್ರಾ ನದಿಯ ನೀರು ಹೈದರಾಬಾದಿಗೆ ಹರಿಯತೊಡಗಿತು. ಮಾಂಜ್ರಾ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟಿ, ನಮ್ಮ ಬೀದರ್ ಜಿಲ್ಲೆಯನ್ನು ಹಾದು, ನಮ್ಮ ಕಾರಂಜಾ ಹೊಳೆಯನ್ನು ಸೇರಿಸಿಕೊಂಡು ತೆಲಂಗಾಣಕ್ಕೆ ಹೋಗುತ್ತದೆ. ಹೈದರಾಬಾದಿನ ನಳದಲ್ಲಿ ದಶಕಗಳಿಂದ ನಮ್ಮ ಹೊಳೆಯ ನೀರಿದೆ. ಬೆಂಗಳೂರಿಗೆ ಕಾವೇರಿ ನೂರು ಕಿ.ಮೀ. ದೂರದಿಂದ, ಅದೂ ಗುಡ್ಡದೆತ್ತರಕ್ಕೆ ಪಂಪಿನಲ್ಲಿ ಏರಿ ಬರಬೇಕು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಸೇರಿ ಎಲ್ಲ ಹನಿಯೂ ಹಾಗೆಯೇ.

ಯಾವ ಊರು, ಯಾವ ಭಾಷೆ

ಹೈದರಾಬಾದಿನಲ್ಲಿ ಆಟೊದವನು ‘ಕಾಂ ಜಾನಾ ಅಮ್ಮಾ?’ ಎಂದರೆ ನಮ್ಮೂರಿನ ಮುದುಕಿಗೂ ಉತ್ತರ ಕೊಡಲು ಬರುತ್ತದೆ. ಅದು ಅವಳ ಸಂತೆಯ ಭಾಷೆ, ನೆರೆಮನೆಯ ಭಾಷೆ. ಬೀದರಿನ ಕೋಟೆಯಿಂದ ಗೋಲ್ಕೊಂಡದ ಕೋಟೆಯವರೆಗೆ ದಖನಿ ಒಂದೇ. ಬಸ್ಸಿನ ಬೋರ್ಡು ತೆಲುಗಿನಲ್ಲಿದ್ದರೂ ಅಕ್ಷರ ನಮ್ಮದರ ಅಕ್ಕತಂಗಿ. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವರು ಕೂಡ ನಿಧಾನಕ್ಕೆ ಕೂಡಿಸಿ ಓದುತ್ತಾರೆ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇವೆ. ಇರಾನಿ ಹೋಟೆಲಿನಲ್ಲಿ ಒಂದು ಚಹಾ ಹಿಡಿದು ಒಂದು ತಾಸು ಕೂತರೂ ಎಬ್ಬಿಸುವವರಿಲ್ಲ. ಆ ನಗರಕ್ಕೆ ಅವಸರ ಈಗೀಗ ಬಂದದ್ದು. ಹಳೇ ನಗರದೊಳಗೆ ಇನ್ನೂ ಬಂದಿಲ್ಲ.

ಬೆಂಗಳೂರಿನಲ್ಲಿ ದರ್ಶಿನಿಯ ಮುಂದೆ ನಿಂತೇ ಕಾಫಿ ಕುಡಿಯಬೇಕು. ಅದು ಕೆಲಸದ ಊರು. ಅಲ್ಲಿ ನಮ್ಮ ಹುಡುಗರನ್ನು ನೋಯಿಸುವುದು ಅವಸರವಲ್ಲ, ಒಂದು ಪ್ರಶ್ನೆ. ‘ಹೋಗ್ಲತ್ತೀನ್ರಿ’, ‘ಬರ್ಲತ್ತಾನ್ರಿ’ ಎಂದು ಬಾಯಿ ತೆರೆದರೆ ಸಾಕು, ‘ನೀವು ಯಾವ ಕಡೆಯವರು, ಇದು ಕನ್ನಡಾನಾ?’ ಎನ್ನುತ್ತಾರೆ. ವಚನ ಹುಟ್ಟಿದ ನೆಲದ ಮಾತಿಗೆ ರಾಜಧಾನಿಯಲ್ಲಿ ಈ ಪ್ರಶ್ನೆ ಬರಬಾರದು. ಪರರಾಜ್ಯದ ರಾಜಧಾನಿಯಲ್ಲಿ ನಮ್ಮ ಮಾತು ನಡೆಯುತ್ತದೆ, ನಮ್ಮ ರಾಜಧಾನಿಯಲ್ಲಿ ಅದನ್ನು ತಿದ್ದಿಕೊಳ್ಳಬೇಕಾಗುತ್ತದೆ. ಎರಡು ನಗರಗಳ ಗುಣದಲ್ಲಿ ನನಗೆ ಅತಿ ದೊಡ್ಡದಾಗಿ ಕಂಡ ವ್ಯತ್ಯಾಸ ಇದೇ. ಆದರೂ ಬೆಂಗಳೂರಿಗೆ ಒಂದು ಕೃತಜ್ಞತೆ ಸಲ್ಲಬೇಕು: ಯಾರ ಮಗ, ಯಾವ ಮನೆತನ ಎಂದು ಕೇಳದೆ ಕೆಲಸ ಕೊಡುವ ಊರು ಅದು. ನಮ್ಮ ಭಾಗಕ್ಕಿರುವ 371ಜೆ ಮೀಸಲಾತಿಯಲ್ಲಿ ನೌಕರಿ ಹಿಡಿದವರು, ಗಾರ್ಮೆಂಟಿನಲ್ಲಿ ಹೊಲಿಯುವವರು, ಬೈಕಿನಲ್ಲಿ ಊಟ ತಲುಪಿಸುವವರು, ಎಲ್ಲರೂ ಊರಿಗೆ ಹಣ ಕಳಿಸುತ್ತಿದ್ದಾರೆ. ನಮ್ಮೂರಿನ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಳಿಂದ ಕಷ್ಟದಲ್ಲಿದೆ. ಎಷ್ಟೋ ಮನೆಯ ಒಲೆ ಬೆಂಗಳೂರಿನ ದುಡ್ಡಿನಿಂದ ಉರಿಯುತ್ತಿದೆ.

ಗಡಿಯಲ್ಲಿ ನಿಲ್ಲುವ ಟಿಕೆಟ್

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂತು. ಅದೇ ವರ್ಷ ಡಿಸೆಂಬರ್ 9ರಂದು ತೆಲಂಗಾಣದಲ್ಲಿ ಮಹಾಲಕ್ಷ್ಮಿ ಬಂತು. ಎರಡೂ ಕಡೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಚಿತ ಪ್ರಯಾಣ. ನಮ್ಮೂರಿನ ಹೆಣ್ಣುಮಗಳು ಈಗ ಕಲಬುರಗಿಯಲ್ಲಿ ಬಸ್ ಬದಲಿಸಿ, ಶೂನ್ಯ ಟಿಕೆಟ್ ಹಿಡಿದು, 650 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಬರಬಹುದು. ಇದು ಸಣ್ಣ ಸಂಗತಿಯಲ್ಲ. ಹುಮನಾಬಾದ್ ದಾಟದ ಎಷ್ಟೋ ಹೆಂಗಸರು ಧರ್ಮಸ್ಥಳ ನೋಡಿ ಬಂದದ್ದನ್ನು ನಾನು ಕಂಡಿದ್ದೇನೆ. ಆದರೆ ಅದೇ ಹೆಣ್ಣುಮಗಳು ಗಂಡನ ಕಿಡ್ನಿ ತೋರಿಸಲು 150 ಕಿ.ಮೀ. ದೂರದ ಹೈದರಾಬಾದಿಗೆ ಹೋಗಬೇಕಾದರೆ ಪೂರ್ತಿ ಹಣ ಕೊಡಬೇಕು. ಅಂತರರಾಜ್ಯ ಬಸ್ಸಿಗೆ ಶಕ್ತಿ ಇಲ್ಲ. ಹೈದರಾಬಾದಿನಲ್ಲಿ ಸಿಟಿ ಬಸ್ಸು ಹತ್ತಿದರೆ ಕಂಡಕ್ಟರು ಆಧಾರ್ ಕಾರ್ಡು ಕೇಳುತ್ತಾರೆ, ಅದರಲ್ಲಿ ಬೀದರ್ ಜಿಲ್ಲೆಯ ವಿಳಾಸ, ಅಲ್ಲಿಯೂ ಟಿಕೆಟ್. ನಮ್ಮಿಂದ ಒಂದೆರಡು ತಾಸಿನ ದಾರಿಯ ಜಹೀರಾಬಾದಿನ ಹೆಣ್ಣುಮಗಳು, ಇವಳಂತೆಯೇ ತೊಗರಿ ಕೊಯ್ಯುವವಳು, ಬಹುಶಃ ಇವಳಂತೆಯೇ ಮನೆಯಲ್ಲಿ ಕನ್ನಡ ಮಾತಾಡುವವಳು, ಅದೇ ಆಸ್ಪತ್ರೆಗೆ ಬಿಟ್ಟಿ ಹೋಗಿಬರುತ್ತಾಳೆ.

ಹಾಗಾದರೆ ಯಾವ ನಗರ ಮೇಲು? ನನ್ನನ್ನು ಕೇಳಿದರೆ, ಸಿಟಿ ಬಸ್ಸಿಗೆ ಮತ್ತು ಹವೆಗೆ ಬೆಂಗಳೂರು. ಬಸ್ ಇಳಿದವನು ದಾರಿ ತಪ್ಪದೆ ಆಸ್ಪತ್ರೆ ಸೇರುವುದಕ್ಕೆ ಮತ್ತು ಮಾತಿನ ಸಲಿಗೆಗೆ ಹೈದರಾಬಾದ್. ಬದುಕು ಕಟ್ಟಿಕೊಳ್ಳಲು ಮಕ್ಕಳನ್ನು ಬೆಂಗಳೂರಿಗೆ ಕಳಿಸುತ್ತೇನೆ, ಜೀವ ಉಳಿಸಿಕೊಳ್ಳಲು ಅವ್ವನನ್ನು ಹೈದರಾಬಾದಿಗೆ ಕರೆದೊಯ್ಯುತ್ತೇನೆ. ನಮಗೆ ಎರಡೂ ಬೇಕು. ನಮ್ಮ ಭಾಗದ ರೈಲಿಗೂ ಈ ಮಾತು ಹೊಂದುತ್ತದೆ. ಬೀದರ್–ಕಲಬುರಗಿ ನಡುವೆ 110 ಕಿ.ಮೀ. ಹಳಿ ಹುಮನಾಬಾದ್ ಮೇಲೆ ಹಾದು 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗ ಈ ತಾಲ್ಲೂಕಿನಿಂದ ಎರಡೂ ದಿಕ್ಕಿಗೆ ದಾರಿ ತೆರೆಯಿತು.

ಎರಡು ರಾಜ್ಯಗಳ ಸಾರಿಗೆ ನಿಗಮಗಳು ಎಷ್ಟು ಬಸ್ಸು, ಎಷ್ಟು ಕಿ.ಮೀ. ಓಡಿಸಬೇಕೆಂದು ಮೊದಲಿನಿಂದಲೂ ಒಪ್ಪಂದ ಮಾಡಿಕೊಳ್ಳುತ್ತ ಬಂದಿವೆ. ಆ ಒಪ್ಪಂದಕ್ಕೆ ಇನ್ನೊಂದು ಸಾಲು ಸೇರಿಸಲಿ: ಗಡಿ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ, ಆಸ್ಪತ್ರೆಯ ಚೀಟಿ ಇದ್ದರೆ, ಹೋಗುವಾಗಲೂ ಬರುವಾಗಲೂ ಟಿಕೆಟ್ ಬೇಡ. ಹುಮನಾಬಾದ್, ಬಸವಕಲ್ಯಾಣ, ಔರಾದ್, ಭಾಲ್ಕಿ, ಚಿಟಗುಪ್ಪದ ಹೆಣ್ಣುಮಕ್ಕಳಿಗೆ ಹೈದರಾಬಾದಿನಲ್ಲಿ. ಇತ್ತ ಬೀದರಿನ ಆಸ್ಪತ್ರೆಗೆ ಬರುವ ನಾರಾಯಣಖೇಡ, ಜಹೀರಾಬಾದಿನ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ. ಎರಡೂ ಸರ್ಕಾರಗಳ ಸಾರಿಗೆ ಸಚಿವರು ಒಂದು ದಿನ ಹಳ್ಳಿಖೇಡದಿಂದ ಬೆಳಗಿನ ಬಸ್ಸಿನಲ್ಲಿ ಹೊರಟು ಮಿಯಾಪುರದಲ್ಲಿ ಇಳಿಯಲಿ; ಎಕ್ಸ್‌ರೇ ಕವರು ಹಿಡಿದು ಕೂತ ತಾಯಂದಿರ ಪಕ್ಕದಲ್ಲೇ ಅವರಿಗೆ ಸೀಟು ಸಿಗುತ್ತದೆ.